ಮೊದಲು ಬೂದಿ, ಆಮೇಲೆ ಬೇಲಿ: ನರಿ ಕಾಟಕ್ಕೆ ನಾನು ಮಾಡಿಕೊಂಡ ಬಂದೋಬಸ್ತ್

ಎರಡು ವರ್ಷದ ಹಿಂದೆ ಸಂಕ್ರಾಂತಿ ಮುಗಿದು ನಾಲ್ಕೈದು ದಿನ ಆಗಿತ್ತು. ಬೆಳಗ್ಗೆ ಕೋಳಿಗೂಡಿನ ಬಾಗಿಲು ತೆಗೆಯಲು ಹೋದರೆ ತೆಗೆಯಲಿಕ್ಕೆ ಬಾಗಿಲೇ ಇರಲಿಲ್ಲ. ತಗಡು ಒಂದು ಕಡೆ, ಜಾಳಿಗೆ ಒಂದು ಕಡೆ. ಹನ್ನೊಂದು ಜವಾರಿ ಕೋಳಿ ಅಂಗಳದ ತುಂಬ ಬಿದ್ದಿದ್ದವು. ಒಂದನ್ನೂ ತಿಂದಿರಲಿಲ್ಲ. ನಮ್ಮ ಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ರಾತ್ರಿ ನರಿ ಒದರಿದ್ದು ನಾ ಕೇಳೀನಿ, ಅದರದೇ ಕೆಲಸ" ಅಂದಳು. ನಾನೂ ಹೌದು ಅಂದೆ. ಊರಲ್ಲಿ ನಾಲ್ಕು ಮಂದಿ ಬಂದು ನೋಡಿ ಅವರೂ ಹೌದು ಅಂದರು. ಒಬ್ಬ ಪುಣ್ಯಾತ್ಮ ಸಂಜೆಯೊಳಗೆ ಔಷಧಿ ಬಾಟಲಿ ತಂದುಕೊಡ್ತೀನಿ, ಮಾಂಸದಾಗ ಕಲಸಿ ಇಡು ಅಂದ.

ಆ ಬಾಟಲಿ ತಗೊಳ್ಳಲಿಲ್ಲ. ನಾನು ದೊಡ್ಡ ಸಾಧು ಅಂತಲ್ಲ. ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವನು ನಾನು. ಫಾಲ್ಟ್ ಎಲ್ಲಿದೆ ಅಂತ ಹುಡುಕದೆ ಫ್ಯೂಸ್ ಹಾಕಬಾರದು ಅನ್ನುವುದು ಕೈಗೆ ಅಂಟಿದ ಅಭ್ಯಾಸ. ಹಾಗಾಗಿ ಮೊದಲು ಫಾಲ್ಟ್ ಹುಡುಕಿದೆ.

ನಮ್ಮ ಹೊಲ ಕಲಬುರಗಿ ಜಿಲ್ಲೆಯ ಮಳಖೇಡದ ಆಚೆ, ಕಾಗಿಣಾ ನದಿಗೆ ಇಳಿಯುವ ಒಂದು ಹಳ್ಳದ ದಂಡೆಗೆ. ನಾಲ್ಕೂವರೆ ಎಕರೆ ಕರಿಮಣ್ಣು. ತೊಗರಿ, ಕಡಲೆ, ಹಿಂಗಾರಿಗೆ ಬಿಳಿಜೋಳ. ರಿಟೈರ್ ಆದ ಮೇಲೆ ಹೊಲದಲ್ಲೇ ಎರಡು ಖೋಲಿ ಕಟ್ಟಿಕೊಂಡು, ಹದಿನಾಲ್ಕು ಆಡು, ಒಂದಿಷ್ಟು ಕೋಳಿ ಸಾಕಿಕೊಂಡಿದ್ದೇವೆ. ಹಳ್ಳದ ಆಚೆ ಬಿಟ್ಟುಹೋದ ಫರ್ಸಿ ಗಣಿ, ಫರ್ಸಿ ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು. ಒಡೆದ ಕಲ್ಲಿನ ರಾಶಿ, ಅದರ ಮೇಲೆಲ್ಲ ಜಾಲಿ. ನರಿಗೆ ಅದಕ್ಕಿಂತ ಒಳ್ಳೆ ಬಂಗ್ಲೆ ಯಾರು ಕಟ್ಟಿಕೊಡ್ತಾರೆ? ನಾವು ಹೋಗುವ ಮೊದಲೇ ಅದು ಅಲ್ಲಿತ್ತು.

ಯಾವ ಪ್ರಾಣಿ ಅಂತ ತಿಳಿಯದೆ ಒಂದು ರೂಪಾಯಿ ಖರ್ಚು ಮಾಡಬೇಡಿ. ನನ್ನ ಮಾತಿನಲ್ಲಿ ಇದೊಂದನ್ನು ಮರೆಯದಿದ್ದರೆ ಸಾಕು. ಉಪಾಯ ಭಾಳ ಸಾದಾ. ಒಲೆಯ ಬೂದಿಯನ್ನು ಜರಡಿ ಹಿಡಿದು, ಗೂಡಿನ ಸುತ್ತ ಎರಡು ಅಡಿ ಅಗಲ ಪಟ್ಟಿಯ ಹಾಗೆ ಹರವಿ, ಪೊರಕೆಯಿಂದ ಸಮ ಮಾಡಿ ಮಲಗಿ. ನಮ್ಮ ಕರಿಮಣ್ಣು ಹೆಜ್ಜೆ ಹಿಡಿಯುವುದಿಲ್ಲ. ಬೇಸಿಗೆಗೆ ಬಿರುಕು ಬಿಡುತ್ತದೆ, ಮಳೆಗೆ ಚಪ್ಪಲಿಯನ್ನೇ ಹಿಡಿದುಕೊಳ್ಳುತ್ತದೆ. ಬೂದಿ ಗಾಳಿಗೆ ಹಾರಿದರೆ ಫರ್ಸಿ ಪಾಲಿಶ್ ಮಾಡುವ ಕಡೆ ಬಿಳಿ ಪುಡಿ ಕೇಳಿ, ಬಿಟ್ಟಿ ಕೊಡುತ್ತಾರೆ. ಅದು ತುಸು ಭಾರ, ಹೆಜ್ಜೆ ಅಚ್ಚು ಹೊಡೆದ ಹಾಗೆ ಬೀಳುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು, ಕೋಳಿ ಬಿಡುವ ಮೊದಲು ನೋಡಬೇಕು. ಪಕ್ಕದಲ್ಲಿ ಕಡ್ಡಿಪೆಟ್ಟಿಗೆ ಇಟ್ಟು ಮೊಬೈಲಿನಲ್ಲಿ ಫೋಟೊ ಹೊಡೆಯಿರಿ. ಅಳತೆಗೂ ಆಯಿತು, ಆಮೇಲೆ ಯಾರಿಗಾದರೂ ತೋರಿಸಲಿಕ್ಕೂ ಆಯಿತು.

ನರಿಯ ಹೆಜ್ಜೆ ಹೆಚ್ಚುಕಡಿಮೆ ಕಡ್ಡಿಪೆಟ್ಟಿಗೆಯಷ್ಟು ಉದ್ದ. ಉದ್ದುದ್ದ, ಸಪೂರ. ನಡುವಿನ ಎರಡು ಬೆರಳಿನ ಮೆತ್ತೆ ಹಿಂದೆ ಕೂಡಿಕೊಂಡಿರುತ್ತವೆ, ಬೂದಿ ನುಣ್ಣಗಿದ್ದರೆ ಅದು ಕಾಣುತ್ತದೆ. ನಾಯಿಯದು ದುಂಡಗೆ, ಬೆರಳು ಅಗಲಕ್ಕೆ ಹರಡಿರುತ್ತವೆ. ಹೆಜ್ಜೆಗಿಂತ ಹೆಚ್ಚು ಹೇಳುವುದು ನಡಿಗೆ. ನರಿ ದಾರ ಹಿಡಿದಂತೆ ನೇರ ಬರುತ್ತದೆ, ಮುಂಗಾಲು ಇಟ್ಟ ಗುರುತಿನಲ್ಲೇ ಹಿಂಗಾಲು ಇಡುತ್ತದೆ. ನಾಯಿ ಹಾಗಲ್ಲ, ಮದುವೆಗೆ ಬಂದ ನೆಂಟರ ಹಾಗೆ ಅಲ್ಲಿ ಇಲ್ಲಿ ಮೂಸುತ್ತ ಊರೆಲ್ಲ ತಿರುಗುತ್ತದೆ. ಕಾಡುಬೆಕ್ಕಿನ ಹೆಜ್ಜೆಯಲ್ಲಿ ಉಗುರು ಕಾಣುವುದಿಲ್ಲ. ತೋಳದ ಹೆಜ್ಜೆ ನೋಡಿದರೆ ನರಿಯದು ಅಂತ ಅನಿಸುವುದಿಲ್ಲ, ಕಡ್ಡಿಪೆಟ್ಟಿಗೆ ಅದರ ಮುಂದೆ ಕೂಸು.

ಸತ್ತ ಜೀವದ ಮೈಯೂ ಮಾತಾಡುತ್ತದೆ. ನರಿ ಹೊಟ್ಟೆಗೆ ಬರುತ್ತದೆ. ಒಂದು ಕೋಳಿ ಹಿಡಿಯಿತು ಅಂದರೆ ಎತ್ತಿಕೊಂಡೇ ಹೋಗುತ್ತದೆ, ಪುಕ್ಕದ ಸಾಲು ಹಳ್ಳದ ಕಡೆಗೆ ಸಿಗುತ್ತದೆ. ಆಡಿನ ಮರಿ, ಕುರಿಮರಿ ಆದರೆ ಕುತ್ತಿಗೆಗೆ ಬಾಯಿ ಹಾಕಿ, ಹೊಟ್ಟೆಯ ಭಾಗದಿಂದ ತಿನ್ನಲು ಶುರು ಮಾಡುತ್ತದೆ. ತೋಳ ಗಂಟಲಿಗೇ ಬಾಯಿ ಹಾಕುವುದು, ಹಿಂಡಿನಿಂದ ಮರಿಯನ್ನು ಹೊತ್ತುಕೊಂಡು ಹೋಗುವಷ್ಟು ಕಸುವಿದೆ. ಗೂಡಿನೊಳಗೆ ಕೋಳಿಯ ತಲೆ ಮಾತ್ರ ಇಲ್ಲ, ದೇಹ ಹಾಗೇ ಇದೆ, ಬಂದ ಸಂದು ಮುಷ್ಟಿಯಷ್ಟು ಅಂದರೆ ಮುಂಗುಸಿಯನ್ನೋ ಬೆಕ್ಕನ್ನೋ ನೆನೆಯಿರಿ. ಹತ್ತಾರು ಸತ್ತಿವೆ, ತಿಂದಿಲ್ಲ, ಹಿಂದೊಡೆ ಕಿವಿ ಎಲ್ಲೆಂದರಲ್ಲಿ ಹರಿದಿದೆ, ಅರ್ಧ ಜೀವದ್ದು ಬೇರೆ ಒದ್ದಾಡುತ್ತಿವೆ ಅಂದರೆ ಅದು ನಾಯಿ. ಈ ಆಟ ನಾಯಿಯದು.

ನಮ್ಮ ಅಂಗಳದಲ್ಲಿ ಮೂರನೇ ರಾತ್ರಿಯ ಬೂದಿಯಲ್ಲಿ ನಾಲ್ಕು ನಾಯಿಯ ಹೆಜ್ಜೆ ಬಿತ್ತು. ಅದರಲ್ಲಿ ಒಂದರ ಎಡ ಹಿಂಗಾಲಿಗೆ ಒಂದು ಉಗುರು ಇಲ್ಲ. ನಾನು ಕುಕ್ಕರಗಾಲಲ್ಲಿ ಕೂತು ಫೋಟೊ ಹೊಡೆಯುತ್ತಿದ್ದೆ. ಆ ಉಗುರು ಇಲ್ಲದ ಕಾಲು ನನ್ನ ಮಗ್ಗುಲಲ್ಲೇ ಬಾಲ ಆಡಿಸುತ್ತ ನಿಂತಿತ್ತು. ನಮ್ಮ ರಾಜ್ಯಾ! ದಿನಾ ಎರಡು ಹೊತ್ತು ರೊಟ್ಟಿ ತಿಂದು ನಮ್ಮ ಬಾಗಿಲು ಕಾಯುವವನು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಆ ಗಾದೆ ಕಣ್ಣೆದುರು ಕೂತಿತ್ತು. ರಸ್ತೆ ಪಕ್ಕ ಕೋಳಿ ಅಂಗಡಿಯವರು ಸುರಿಯುವ ಕರುಳು, ತಲೆಗಳ ಗುಡ್ಡೆಗೆ ಬೀದಿ ನಾಯಿಗಳು ಸೇರುತ್ತಿದ್ದವು. ಇವನೂ ಅವುಗಳ ಸಂಗ ಹಿಡಿದಿದ್ದ. ಮನೆಯಾಕೆ ಆವತ್ತಿನಿಂದ ನರಿಗೆ ಬೈಯುವುದು ಬಿಟ್ಟಳು. ರಾಜ್ಯಾನ ಹಣೆಬರಹ ಏನಾಯಿತು ಅಂತ ಆಮೇಲೆ ಹೇಳ್ತೀನಿ.

ಹಾಗಂತ ನರಿ ಪೂರಾ ಸಾಧು ಅಲ್ಲ. ಅದೇ ವರ್ಷ ಮಾರ್ಚಿನಲ್ಲಿ ಹನ್ನೆರಡು ದಿನದ ಒಂದು ಆಡಿನ ಮರಿ ಹೋಯಿತು. ಅದು ಖರೆ ನರಿಯೇ, ಹೆಜ್ಜೆ ಸಿಕ್ಕಿತು. ಆ ಕಾಲ ಯಾಕೆ ಅಂತ ಕೇಳಿ. ನಮ್ಮ ಕಡೆ ತೊಗರಿ ಆಳೆತ್ತರ ನಿಂತಾಗ ನರಿಗೆ ಮರೆ, ಇಲಿ, ಮೊಲ ಎಲ್ಲ ಹೊಲದಲ್ಲೇ ಸಿಗುತ್ತವೆ. ಎಳ್ಳಮವಾಸಿಗೆ ಚರಗ ಚೆಲ್ಲುವ, ಅಂದರೆ ಹೊಲಕ್ಕೆ ಎಡೆ ಹಾಕುವ ಹೊತ್ತಿಗೆ ಕೊಯ್ಲಿನ ತಯಾರಿ, ಜನವರಿ ಮುಗಿಯುವಷ್ಟರಲ್ಲಿ ತೊಗರಿ ಹೊಲ ಬಟಾಬಯಲು. ಆಮೇಲೆ ಜೋಳವೂ ಹೋಗುತ್ತದೆ. ಮರೆ ಹೋಯಿತು, ಇಲಿ ಚದುರಿದವು, ಅದೇ ಹೊತ್ತಿಗೆ ನರಿ ಮರಿ ಹಾಕುವ ಕಾಲ. ಒಂಬತ್ತು ವಾರದ ಬಸಿರು, ಮೂರೋ ನಾಲ್ಕೋ ಮರಿ. ಗಂಡು ಹೆಣ್ಣು ಎರಡೂ ಸೇರಿ ಸಾಕುತ್ತವೆ. ಅವುಗಳ ಹೊಟ್ಟೆ ತುಂಬಿಸಬೇಕು ಅಂದರೆ ಹಗಲಲ್ಲೂ ಹೊರಗೆ ಬರುತ್ತವೆ. ಫೆಬ್ರವರಿಯಿಂದ ಮಳೆ ಬೀಳುವ ತನಕ ಕಣ್ಣು ತೆರೆದಿರಬೇಕು. ಉಳಿದ ತಿಂಗಳಲ್ಲಿ ನನಗೆ ಅವುಗಳಿಂದ ಲಾಭವೇ ಹೆಚ್ಚು. ಹೊಲದ ಇಲಿಗೆ ಬೆಕ್ಕು ಸಾಲದು. ಹೆಗ್ಗಣ, ಇಲಿ ತಿನ್ನುವುದರಲ್ಲಿ ನರಿಗೆ ಸಮ ಇಲ್ಲ.

ಗುರುತಿಗೆ ಇಷ್ಟು ಸಾಕು: ನರಿ ಎಂಟು ಹತ್ತು ಕಿಲೋ ತೂಗುತ್ತದೆ, ಊರ ನಾಯಿಗಿಂತ ಸಣ್ಣದು, ಕೆಂಚು ಬೂದು ಬಣ್ಣ, ಬಾಲದ ತುದಿ ಕಪ್ಪು, ಓಡುವಾಗ ಬಾಲ ಕೆಳಗೆ. ಇನ್ನೊಂದು ಬೆಕ್ಕಿಗಿಂತ ತುಸು ದೊಡ್ಡ ನರಿ ಇದೆ, ಎರಡು ಮೂರು ಕಿಲೋದ್ದು, ದೊಡ್ಡ ಕಿವಿ, ಪೊದೆಯಂಥ ಬಾಲ. ಅದು ಮಿಡತೆ, ಹಲ್ಲಿ, ಇಲಿ, ಬಾರೆಹಣ್ಣು ತಿಂದು ಬದುಕುತ್ತದೆ. ಅದರ ಮೇಲೆ ಆಡು ತಿಂದ ಆರೋಪ ಹೊರಿಸಿದರೆ ಪಾಪ ತಟ್ಟುತ್ತದೆ. ತೋಳಕ್ಕೆ ಉದ್ದ ಕಾಲು, ಇಪ್ಪತ್ತು ಕಿಲೋ ಹತ್ತಿರ ಮೈ. ಚಿಂಚೋಳಿ ಕಾಡಿನ ಕಡೆ ತೋಳವೂ ಇದೆ, ಕತ್ತೆಕಿರುಬವೂ ಇದೆ. ಅಲ್ಲಿಯವರು ನಾನು ಹೇಳುವುದಕ್ಕಿಂತ ಒಂದು ಕೈ ಹೆಚ್ಚೇ ಬಂದೋಬಸ್ತ್ ಮಾಡಿಕೊಳ್ಳಬೇಕು.

ಈಗ ಕೆಲಸದ ಮಾತು. ಮೊದಲು ಊಟ ಹಾಕುವುದು ನಿಲ್ಲಿಸಿ. ನಾವೇ ಕರೆದು ಊಟ ಹಾಕುತ್ತೇವೆ, ಆಮೇಲೆ ಬಂದವು ಅಂತ ಬೊಬ್ಬೆ ಹೊಡೆಯುತ್ತೇವೆ. ಆಡು ಈದ ಮೇಲೆ ಬೀಳುವ ಮಾಸು ಇದೆಯಲ್ಲ, ಅದರ ವಾಸನೆ ರಾತ್ರಿ ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೋ ನರಿಗೇ ಗೊತ್ತು. ನಮ್ಮ ಮರಿ ಹೋದದ್ದಕ್ಕೆ ಹನ್ನೆರಡು ದಿನ ಮೊದಲು ಆ ಮಾಸನ್ನು ನಾನು ತಿಪ್ಪೆಯಲ್ಲಿ ಎಸೆದಿದ್ದೆ. ದಾರಿ ತೋರಿಸಿದವನು ನಾನೇ. ಈಗ ಮಾಸು ಬಿದ್ದ ತಕ್ಷಣ ಮೊಣಕಾಲುದ್ದ ಗುಂಡಿ ತೆಗೆದು ಹೂತು ಮೇಲೊಂದು ಫರ್ಸಿ ತುಂಡು ಹೇರುತ್ತೇನೆ. ಸತ್ತ ದನ, ಆಡು ಆದರೆ ಆರಡಿ ಗುಂಡಿ, ಸುಣ್ಣ, ಮೇಲೆ ಮಣ್ಣು. ಹಳ್ಳಕ್ಕೆ ಎಳೆದು ಬಿಸಾಕುವ ಪದ್ಧತಿ ಬಿಡಿ. ಮರಿಯಿದ್ದಾಗಲೇ ಮಾಂಸದ ರುಚಿ ಹತ್ತಿದ ಬೀದಿ ನಾಯಿಗಳ ಹಿಂಡು ಅಲ್ಲೇ ಬೆಳೆಯುತ್ತದೆ. ಕೋಳಿ ಅಂಗಡಿಯ ಗುಡ್ಡೆ ಬಗ್ಗೆ ಪಂಚಾಯಿತಿಗೆ ಒಬ್ಬನೇ ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ. ನಾವು ಹನ್ನೊಂದು ಮನೆಯವರು ಸಹಿ ಮಾಡಿ ಕೊಟ್ಟೆವು, ಒಂದು ತಿಂಗಳಿಗೆ ಅಲ್ಲಿ ಸುರಿಯುವುದು ನಿಂತಿತು. ನಾಯಿ ಅರ್ಧ ಕಡಿಮೆ ಆದವು.

ಕಲಬುರಗಿ ಊರಂಚಿನ ಲೇಔಟ್‌ಗಳಲ್ಲಿ ಮನೆ ಕಟ್ಟಿಕೊಂಡವರಿಗೂ ಇದೇ ಮಾತು. ಪಕ್ಕದ ಖಾಲಿ ಸೈಟಿನಲ್ಲಿ ಜಾಲಿ ಬೆಳೆಯಲು ಬಿಟ್ಟು, ಉಳಿದ ಅನ್ನ ಗೋಡೆಯಾಚೆ ಎಸೆದು, ರಾತ್ರಿ ಕಾಂಪೌಂಡಿನೊಳಗೆ ಏನೋ ಬಂತು ಅಂದರೆ ಹೇಗೆ? ಗೋಡೆಯ ಬುಡದ ನೀರು ಹೋಗುವ ಕಿಂಡಿಗೆ ಕಬ್ಬಿಣದ ಜಾಳಿ ಹಾಕಿಸಿ. ಬೆಕ್ಕು, ನಾಯಿಮರಿಯ ತಟ್ಟೆ ಸಂಜೆ ಒಳಗೆ ತಗೊಳ್ಳಿ. ಅಷ್ಟರಲ್ಲೇ ಬಹುಪಾಲು ಮುಗಿಯುತ್ತದೆ.

ಆಡಿನ ದೊಡ್ಡಿಗೆ ನಮ್ಮ ಸೀಮೆಯಲ್ಲಿ ಫರ್ಸಿ ಇದ್ದಷ್ಟು ದಿನ ಬೇರೆ ಯೋಚನೆ ಬೇಡ. ಏಳಡಿ ಉದ್ದದ, ಎರಡಡಿ ಅಗಲದ, ಪಾಲಿಶ್ ಇಲ್ಲದ ಒರಟು ಚಪ್ಪಡಿ ತಂದು ಒಂದೂವರೆ ಅಡಿ ನೆಲದಲ್ಲಿ ನಿಲ್ಲಿಸಿದೆ. ಮೇಲೆ ಐದೂವರೆ ಅಡಿ ಉಳಿಯಿತು. ಒಂದಕ್ಕೊಂದು ಅಂಟಿಸಿ ನಿಲ್ಲಿಸಿ ಸಂದಿಗೆ ಸಿಮೆಂಟು ಗಾರೆ. ನರಿ ಅಗೆದರೂ ಕಲ್ಲು ಸಿಗುತ್ತದೆ, ಹಾರಿದರೂ ನೆಟ್ಟಗೆ ನಿಂತ ಕಲ್ಲಿನಲ್ಲಿ ಹಿಡಿತ ಸಿಗುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಒಳಗೆ ಕಾವು. ನಮ್ಮ ನಲವತ್ತಮೂರು ಡಿಗ್ರಿಯಲ್ಲಿ ಫರ್ಸಿ ಹೆಂಚಿನ ಹಾಗೆ ಕಾಯುತ್ತದೆ. ಪಡುವಣ ಗೋಡೆಯಲ್ಲಿ ಎರಡು ಚಪ್ಪಡಿ ಬಿಟ್ಟು ಅಲ್ಲಿ ವೆಲ್ಡ್ ಜಾಳಿ ಹಾಕಿ ಗಾಳಿ ಆಡುವಂತೆ ಮಾಡಿಕೊಂಡೆ, ಚಾವಣಿಗೆ ತೊಗರಿ ಕಟ್ಟಿಗೆ ಹೊದಿಸಿದೆ.

ಕೋಳಿಗೂಡಿಗೆ ಆರು ಮೂಲೆ ಕಣ್ಣಿನ ತೆಳು ಜಾಳಿಗೆ ತರಬೇಡಿ. ಅದು ಕೋಳಿ ಹೊರಗೆ ಹೋಗದಿರಲಿಕ್ಕೆ ಸರಿ, ನಾಯಿ ಒಳಗೆ ಬರದಿರಲಿಕ್ಕೆ ಅಲ್ಲ. ನಾನು ಕಳಕೊಂಡ ಹನ್ನೊಂದು ಕೋಳಿ ಆ ಜಾಳಿಗೆಯ ಫೀಸು. ಬೆಸುಗೆ ಹಾಕಿದ ಅರ್ಧ ಇಂಚಿನ ಕಣ್ಣಿನ ಜಾಳಿ ತಗೊಳ್ಳಿ, ಮುಂಗುಸಿಯೂ ತೂರುವುದಿಲ್ಲ. ಮೇಲೂ ಮುಚ್ಚಬೇಕು. ಇನ್ನು ಅಗೆತ. ನೆಲದಲ್ಲಿ ಕಲ್ಲಿದ್ದರೆ ಸುತ್ತ ಕಂದಕ ತೋಡುವ ಗೋಜು ಬೇಡ. ಜಾಳಿಯನ್ನು ಗೋಡೆಯ ಬುಡದಲ್ಲಿ ಮಡಚಿ, ಹೊರಮುಖವಾಗಿ ಎರಡಡಿ ನೆಲದ ಮೇಲೇ ಚಾಪೆಯಂತೆ ಹಾಸಿ, ಕಲ್ಲು ಹೇರಿ, ಮೇಲೆ ಮಣ್ಣೆಳೆಯಿರಿ. ಅಗೆಯುವ ಪ್ರಾಣಿ ಯಾವಾಗಲೂ ಗೋಡೆಯ ಬುಡಕ್ಕೇ ಮೂಗು ಹಚ್ಚಿ ಕೆರೆಯುತ್ತದೆ. ಜಾಳಿ ತಗಲುತ್ತದೆ. ಎರಡಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಹೊಡೆಯಬೇಕು ಅನ್ನುವ ಇಂಜಿನಿಯರಿಂಗ್ ಅದರ ತಲೆಗೆ ಹೊಳೆಯುವುದಿಲ್ಲ. ಒಂದು ಮಳೆಗಾಲ ಕಳೆದರೆ ಹುಲ್ಲು ಬೆಳೆದು ಜಾಳಿ ನೆಲಕ್ಕೆ ಹೊಲಿದುಹೋಗುತ್ತದೆ.

ಬಾಗಿಲು ಎಲ್ಲರೂ ಮಾಡುವ ತಪ್ಪು. ಗೋಡೆಗೆ ಸಾವಿರಾರು ಸುರಿದು ಬಾಗಿಲಿಗೆ ಹಳೆ ತಗಡು ಕಟ್ಟುತ್ತಾರೆ. ಬಾಗಿಲ ಕೆಳಗೆ ನಾಲ್ಕು ಬೆರಳಿಗಿಂತ ಹೆಚ್ಚು ಸಂದು ಇರಬಾರದು, ಹೊಸ್ತಿಲಿಗೆ ಕಲ್ಲಿರಬೇಕು, ಚಿಲಕ ಮೇಲೊಂದು ಕೆಳಗೊಂದು. ಹೊತ್ತು ಮುಳುಗುವ ಮೊದಲೇ ಮುಚ್ಚಬೇಕು. ಧಾರಾವಾಹಿ ಮುಗಿಸಿ ಮುಚ್ಚುತ್ತೇನೆ ಅನ್ನುವವರಿಗೆ ನಾನು ಏನೂ ಹೇಳಲಾರೆ. ನರಿಯ ಡ್ಯೂಟಿ ಶುರುವಾಗುವುದೇ ಮುಸ್ಸಂಜೆಗೆ. ದೊಡ್ಡಿಯ ಸುತ್ತ ಮೂವತ್ತಡಿ ಪೊದೆ, ಜಾಲಿ, ಕಟ್ಟಿಗೆ ಬಣವೆ ಏನೂ ಇಟ್ಟುಕೊಳ್ಳಬೇಡಿ. ಮರೆಯಿಲ್ಲದ ಬಯಲು ದಾಟಿ ಬರಲು ಅದಕ್ಕೆ ಧೈರ್ಯ ಸಾಲುವುದಿಲ್ಲ.

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಒಂದು ಉಪಾಯ ಕಳಿಸಿದ್ದ. ಅಲ್ಲಿ ಕಯೋಟಿ ಅಂತ ನಮ್ಮ ನರಿಯ ದಾಯಾದಿ ಇದೆ, ತುಸು ದೊಡ್ಡದು. ಮನೆಗಳ ಹಿತ್ತಲಿಗೇ ನುಗ್ಗಿ ಸಾಕಿದ ಬೆಕ್ಕು, ಸಣ್ಣ ನಾಯಿ ಎತ್ತಿಕೊಂಡು ಹೋಗುತ್ತದಂತೆ. ಅಲ್ಲಿಯವರು ಬೇಲಿಯ ತಲೆಗೆ ತಿರುಗುವ ಉರುಳೆ ಹಾಕುತ್ತಾರೆ. ಹಾರಿ ಮುಂಗಾಲು ಊರಿದರೆ ಉರುಳೆ ಗಿರಕ್ಕನೆ ತಿರುಗಿ ಪ್ರಾಣಿ ಕೆಳಗೆ ಬೀಳುತ್ತದೆ. ನಾನು ಉಳಿದಿದ್ದ ಪಿವಿಸಿ ಪೈಪಿನೊಳಗೆ ಜಿಐ ತಂತಿ ಪೋಣಿಸಿ ಕೋಳಿಯಂಗಳದ ಗಿಡ್ಡ ಗೋಡೆಯ ಮೇಲೆ ಕಟ್ಟಿದೆ. ನರಿ ಬಿದ್ದದ್ದು ನೋಡಿಲ್ಲ. ಬೀದಿ ನಾಯಿಯೊಂದು ಬಿದ್ದದ್ದು ನೋಡಿದ್ದೇನೆ. ಎದ್ದು ಸುತ್ತ ಯಾರಾದರೂ ಕಂಡರೇನೋ ಅಂತ ನೋಡಿಕೊಂಡು ಹೋಯಿತು.

ಕಣ್ಣು ಮಿಟುಕಿಸುವ ಸೋಲಾರ್ ದೀಪ ಎರಡು ಮೂರು ವಾರ ಕೆಲಸ ಮಾಡುತ್ತದೆ, ಆಮೇಲೆ ನರಿ ಅದರ ಬೆಳಕಲ್ಲೇ ದಾರಿ ನೋಡಿಕೊಂಡು ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ಜಾಗ, ಎತ್ತರ ಬದಲಿಸಬೇಕು. ಆಡಿನ ಮರಿಗಳು ಸಣ್ಣವಿರುವ ಒಂದು ತಿಂಗಳಿಗೆ ಮಾತ್ರ ಹಚ್ಚಿ, ವರ್ಷವಿಡೀ ಬೇಡ. ಹಳೆ ಸೀರೆ ಕಟ್ಟುವುದು ಹಂದಿಗೆ, ನರಿಗಲ್ಲ.

ಕರೆಂಟಿನ ಬೇಲಿ ಬಗ್ಗೆ ನಾನು ತುಸು ಉದ್ದ ಮಾತಾಡುತ್ತೇನೆ, ಸಹಿಸಿಕೊಳ್ಳಿ. ಮನೆಯ ಲೈನಿನಿಂದ, ಪಂಪ್‌ಸೆಟ್ ಡಬ್ಬಿಯಿಂದ ನೇರವಾಗಿ ತಂತಿಗೆ ಕರೆಂಟು ಕೊಡುವವರನ್ನು ನಾನು ನೌಕರಿಯಲ್ಲಿ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ನಸುಕಿನಲ್ಲಿ ಫೋನ್ ಬಂತು, ಲೈನ್ ಬಂದ್ ಮಾಡಿ ಬಾ ಅಂತ. ಹೋದರೆ ನರಿಗೆ ಅಂತ ಹಚ್ಚಿದ ತಂತಿಗೆ ಆ ಮನೆಯದೇ ಎತ್ತು ಸಿಕ್ಕಿತ್ತು. ಯಜಮಾನ ಅದನ್ನು ಬಿಡಿಸಲು ಓಡುತ್ತಿದ್ದವನನ್ನು ಹೆಂಡತಿ ಅಂಗಿ ಹಿಡಿದು ಎಳೆದು ನಿಲ್ಲಿಸಿದ್ದಳು. ಅವಳು ಹಿಡಿಯದಿದ್ದರೆ ಎರಡು ಹೆಣ. ಜನ ಕೇಳುತ್ತಾರೆ, ಫ್ಯೂಸ್ ಯಾಕೆ ಹೋಗಲಿಲ್ಲ ಅಂತ. ಒಣಗಿದ ನೆಲದ ಮೂಲಕ ಹರಿಯುವ ಕರೆಂಟು ಫ್ಯೂಸ್ ಸುಡುವಷ್ಟು ದೊಡ್ಡದಿರುವುದಿಲ್ಲ, ಜೀವ ತೆಗೆಯುವಷ್ಟು ಮಾತ್ರ ಇರುತ್ತದೆ. 230 ವೋಲ್ಟಿನ ಲೈನು ಬಿಡುವಿಲ್ಲದೆ ಹರಿದು ಸ್ನಾಯು ಬಿಗಿದು ಹಿಡಿದುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಬಿಡುವುದಿಲ್ಲ. ಅದು ಬೇಲಿಯಲ್ಲ, ಉರುಲು. ಕಾನೂನಿನಲ್ಲೂ ಅಪರಾಧ.

ಸೋಲಾರ್ ಬೇಲಿಯ ಎನರ್ಜೈಸರ್, ಅಂದರೆ ತಂತಿಗೆ ಬಿಟ್ಟುಬಿಟ್ಟು ಕರೆಂಟು ಕೊಡುವ ಡಬ್ಬಿ, ಬೇರೆ. ಬ್ಯಾಟರಿ 12 ವೋಲ್ಟಿನದು. ಹೊರಗೆ ಬರುವ ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಸೆಕೆಂಡಿಗೆ ಒಂದು ಸಲ, ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಮಾತ್ರ ಬಡಿಯುತ್ತದೆ. ಮುಟ್ಟಿದವನು ಹೌಹಾರಿ ಕೈ ಬಿಡುತ್ತಾನೆ, ಅಷ್ಟೇ. ಐಎಸ್ಐ ಗುರುತಿನದ್ದು ತಗೊಂಡು, ಎಚ್ಚರಿಕೆ ಫಲಕ ಕಟ್ಟಿ. ಹಂದಿಗೆ ಹಾಕುವ ಎತ್ತರದ ತಂತಿ ನರಿಗೆ ಆಗುವುದಿಲ್ಲ, ಅದು ಅಡಿಯಲ್ಲಿ ನುಸುಳುತ್ತದೆ. ಮೊದಲ ತಂತಿ ನೆಲದಿಂದ ಅರ್ಧ ಅಡಿ, ಎರಡನೆಯದು ಒಂದಡಿ, ಮೂರನೆಯದು ಒಂದೂವರೆ, ಅದರ ಮೇಲೆ ನಿಮ್ಮ ಇಷ್ಟ. ಕೆಳಗಿನ ತಂತಿಗೆ ಹುಲ್ಲು ತಾಗಿದರೆ ಕರೆಂಟೆಲ್ಲ ಹುಲ್ಲಿನ ಪಾಲು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕುಡುಗೋಲು ಹಿಡಿಯಲೇಬೇಕು.

ಇದನ್ನು ಮಾರುವವರು ನಿಮಗೆ ಹೇಳದ ಒಂದು ಮಾತಿದೆ. ಪ್ರಾಣಿಗೆ ಶಾಕ್ ತಾಗಬೇಕಾದರೆ ಕರೆಂಟು ಅದರ ಕಾಲಿನಿಂದ ನೆಲಕ್ಕಿಳಿದು ಅರ್ಥಿಂಗ್ ಸರಳಿನ ದಾರಿಯಾಗಿ ವಾಪಸ್ ಬರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕರಿಮಣ್ಣು ಬಿರುಕು ಬಿಟ್ಟು, ಸರಳಿನ ಸುತ್ತಲೇ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಅರ್ಥಿಂಗ್ ಸತ್ತಿತು. ಮೀಟರಿನಲ್ಲಿ ಎಲ್ಲ ಸರಿ ಕಾಣುತ್ತದೆ, ನರಿ ಮಾತ್ರ ಆರಾಮಾಗಿ ದಾಟುತ್ತದೆ. ಆರಡಿಯ ಮೂರು ಸರಳು, ಹತ್ತಡಿಗೊಂದರಂತೆ, ನೀರಿನ ತೊಟ್ಟಿ ಸೋರುವ ಜಾಗದಲ್ಲೋ ಬಚ್ಚಲ ನೀರು ಹರಿಯುವಲ್ಲೋ ಹೂಳಿ. ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಿ. ಇಲ್ಲದಿದ್ದರೆ ಒಂದು ತಂತಿ ಕರೆಂಟಿಗೆ, ಮುಂದಿನದು ಅರ್ಥಿಗೆ ಅಂತ ಬಿಟ್ಟುಬಿಟ್ಟು ಜೋಡಿಸಿ. ತೂರುವ ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ, ನೆಲದ ಹಂಗು ಬೇಡ.

ನಾಯಿಯ ಮಾತಿಗೆ ಬರೋಣ. ರಾಜ್ಯಾನನ್ನು ಹೊರಗೆ ಹಾಕು ಅಂದರು, ಹಾಕಲಿಲ್ಲ. ವಯಸ್ಸಾದ ಮೇಲೆ ಬಂದ ಚಟ ಬಿಡಿಸುವುದು ಕಷ್ಟ, ರಾತ್ರಿ ಅವನು ಖೋಲಿಯ ಮುಂದೆ ಸರಪಳಿಯಲ್ಲಿ. ಆಡಿಗೆ ಬೇರೆ ಎರಡು ಮರಿ ತಂದೆ, ಕುರುಬರ ಹಿಂಡಿನ ನಾಯಿಯ ಮರಿಗಳು. ನಮ್ಮ ಹೊಲದಲ್ಲಿ ಗೊಬ್ಬರಕ್ಕೆ ಅಂತ ಮೂರು ರಾತ್ರಿ ಕುರಿ ನಿಲ್ಲಿಸಿದವರನ್ನು ಕೇಳಿ ಪಡೆದದ್ದು. ಅವರೇ ಹೇಳಿಕೊಟ್ಟರು: "ಕಣ್ಣು ಬಿಟ್ಟಾಗಿಂದ ಆಡಿನ ಮರಿ ಸಂಗಟನೇ ಮಲಗಸ್ರಿ, ಆಡಿನ ಹಾಲೇ ಹಾಕ್ರಿ, ಮನಿಯಾಗ ಹುಡುಗರ ಕೂಡ ಆಡ್ಲಿಕ್ಕಿ ಬಿಡಬ್ಯಾಡ್ರಿ." ಹಾಗೆ ಬೆಳೆದ ನಾಯಿಗೆ ಆಡೇ ಬಳಗ. ಒಂದು ನಾಯಿ ಬೊಗಳಿ ಮುಂದೆ ಓಡಿದರೆ ಇನ್ನೊಂದು ಹಿಂಡಿನ ಹತ್ತಿರ ಉಳಿಯುತ್ತದೆ, ಅದಕ್ಕೇ ಎರಡು ಬೇಕು. ತೋಳ ಇರುವ ಕಡೆ ಕುರುಬರು ನಾಯಿಯ ಕೊರಳಿಗೆ ಮೊಳೆಯ ಪಟ್ಟಿ ಹಾಕುತ್ತಾರೆ, ತೋಳ ಬಾಯಿ ಹಾಕುವುದು ಅಲ್ಲಿಗೇ. ಮುಧೋಳದ ನಾಯಿ ತರಲೇ ಅಂತ ಕೇಳುತ್ತಾರೆ. ಅದು ಓಡಿ ಬೇಟೆ ಹಿಡಿಯುವ ಜಾತಿ, ಕೂತು ಕಾಯುವುದಲ್ಲ. ಯಾವ ನಾಯಿಯಾದರೂ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಿಸಬೇಡಿ.

ವಿಷ, ಉರುಲು, ಸಿಡಿಮದ್ದಿನ ಉಂಡೆ ಇವುಗಳ ಸಹವಾಸ ಬೇಡ. ಮಾಂಸದಲ್ಲಿಟ್ಟ ವಿಷ ನರಿಯ ವಿಳಾಸ ಕೇಳಿಕೊಂಡು ಹೋಗುವುದಿಲ್ಲ. ಮೊದಲು ಸಾಯುವುದು ನಿಮ್ಮ ನಾಯಿ, ಆಮೇಲೆ ಹದ್ದು, ಕಾಗೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ನರಿ, ತೋಳ ಎರಡೂ ಮೊದಲನೇ ಶೆಡ್ಯೂಲಿನಲ್ಲಿವೆ, ಅಂದರೆ ಎಲ್ಲಕ್ಕಿಂತ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಕೊಂದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಏಳರ ತನಕ ಹೋಗಬಹುದು, ದಂಡ 25,000ಕ್ಕೆ ಕಡಿಮೆಯಿಲ್ಲ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವ ಕಾಲ ಹೋಯಿತು. ಸಂತೆಯಲ್ಲಿ ನರಿಕೊಂಬು ಅಂತ ಕೂದಲು ಮೆತ್ತಿದ ಏನನ್ನೋ ಮಾರುತ್ತಾರೆ, ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಅಂತ. ನರಿಗೆ ಕೊಂಬಿಲ್ಲ. ಅದನ್ನು ಇಟ್ಟುಕೊಂಡವರ ಮನೆಗೆ ಮೊದಲು ಬರುವುದು ಅರಣ್ಯ ಇಲಾಖೆ.

ಎದುರಿಗೆ ಸಿಕ್ಕರೆ ಓಡಬೇಡಿ. ಕೈ ಮೇಲೆತ್ತಿ, ಟವೆಲ್ ಬೀಸಿ, ಜೋರಾಗಿ ಬೈಯಿರಿ, ಕಣ್ಣು ತೆಗೆಯದೆ ಹಿಂದೆ ಸರಿಯಿರಿ. ಸರಿಯಿರುವ ನರಿ ಅಷ್ಟಕ್ಕೇ ಜಾಗ ಖಾಲಿ ಮಾಡುತ್ತದೆ. ಮಾಡದೆ, ನಡುಹಗಲಲ್ಲಿ ತೂರಾಡುತ್ತ ಎದುರಿಗೆ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತಿದ್ದರೆ ಅದು ಹುಚ್ಚು ಹಿಡಿದ ನರಿ. ಮಕ್ಕಳನ್ನು, ದನವನ್ನು ಒಳಗೆ ಹಾಕಿ 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಕಚ್ಚಿದರೆ, ಪರಚಿದರೂ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆ. ಲಸಿಕೆ ಮೊದಲ ದಿನ ಒಂದು, ಆಮೇಲೆ ಯಾವ್ಯಾವ ದಿನ ಬಾ ಅಂತಾರೋ ಆ ದಿನ ಹೋಗಲೇಬೇಕು, ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇನ್ನೊಂದು ಚುಚ್ಚುಮದ್ದು ಕೊಡುತ್ತಾರೆ. ನರಿ ಕಚ್ಚಿದ ಎಮ್ಮೆ, ಆಡಿಗೂ ಲಸಿಕೆ ಇದೆ. ಪಶು ಆಂಬುಲೆನ್ಸಿನ ನಂಬರು 1962.

ಕೊನೆಗೆ ಸರ್ಕಾರದ ಪರಿಹಾರದ ದುಡ್ಡು. ಇದರಲ್ಲಿ ನನ್ನ ಪೆದ್ದತನ ಕೇಳಿ. ಮರಿ ಸತ್ತ ದಿನ ಸಂಕಟಕ್ಕೆ ಉಳಿದದ್ದನ್ನು ಹೂತುಬಿಟ್ಟೆ. ನಾಲ್ಕು ದಿನ ಬಿಟ್ಟು ಅರಣ್ಯ ಇಲಾಖೆಯ ಆಫೀಸಿಗೆ ಹೋದರೆ, "ಸಾಕ್ಷಿ ಎಲ್ಲಿ?" ಅಂದರು. ಹೆಜ್ಜೆಯ ಫೋಟೊ ತೋರಿಸಿದೆ. "ಹೆಣ ಎಲ್ಲಿ?" ಅಂದರು. ಮೂರು ಸಲ ಅಲೆದು ಬಿಟ್ಟೆ. ಹಾಗಾಗಿ ಸತ್ತ ಪ್ರಾಣಿಯನ್ನು ಇದ್ದಲ್ಲೇ ಬಿಡಿ, ಬುಟ್ಟಿ ಮುಚ್ಚಿ ಕಲ್ಲು ಹೇರಿ. ಸುತ್ತಲಿನ ಹೆಜ್ಜೆ ತುಳಿಯಬೇಡಿ. ಅದೇ ದಿನ ವಲಯ ಅರಣ್ಯ ಕಚೇರಿಗೆ ತಿಳಿಸಿ, ಪಶು ವೈದ್ಯರಿಂದ ಪೋಸ್ಟ್‌ಮಾರ್ಟಂ ಮಾಡಿಸಿ. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಮೊದಲೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿರಿ. ಬೀದಿ ನಾಯಿ ಕೊಂದದ್ದಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಇಲ್ಲ. ಬೂದಿ ಹರವುವುದಕ್ಕೆ ಇದೂ ಒಂದು ಕಾರಣ.

ಈಗ ಎರಡು ಬೇಸಿಗೆ ಕಳೆದವು, ಒಂದು ಮರಿಯೂ ಹೋಗಿಲ್ಲ. ಸಂಜೆ ಗಣಿ ಕಡೆಯಿಂದ ಒದರುತ್ತವೆ, ನಮ್ಮ ಎರಡು ನಾಯಿ ಇಲ್ಲಿಂದ ಜವಾಬು ಕೊಡುತ್ತವೆ, ಸರಪಳಿಯಲ್ಲಿರುವ ರಾಜ್ಯಾ ಎಲ್ಲರಿಗಿಂತ ಜೋರು. ಮೊನ್ನೆ ಬೂದಿಯಲ್ಲಿ ನೋಡಿದೆ, ಒಂದು ನರಿ ಕೋಳಿಗೂಡಿನ ಬಾಗಿಲ ಮುಂದೆ ನಿಂತು, ಹೊಸ್ತಿಲ ಹತ್ತಿರ ಒಂದು ಸಲ ಕೆರೆದು ಹೋಗಿದೆ. ಅಳೆದೆ, ಅಲ್ಲಿ ಹೊಸ್ತಿಲ ಕಲ್ಲು ಕುಸಿದು ಸಂದು ಆರು ಬೆರಳಾಗಿದೆ. ರವಿವಾರ ಶಹಾಬಾದಿಗೆ ಹೋಗಿ ಒಂದು ತುಂಡು ಫರ್ಸಿ ತರಬೇಕು. ಅಲ್ಲಿಯ ತನಕ ಬಾಗಿಲಿಗೆ ಅಡ್ಡ ರುಬ್ಬುಗುಂಡು ಇಟ್ಟಿದ್ದೇನೆ, ಚಟ್ನಿ ಅರೆಯಲಿಕ್ಕೆ ಏನು ಮಾಡಲಿ ಅಂತ ಮನೆಯಾಕೆ ಕೇಳುತ್ತಿದ್ದಾಳೆ.